ಶಾಲೆಯಲ್ಲಿ ಕೌನ್ಸೆಲರ್ ಆಗಲೋ, ಸ್ಪೆಷಲ್ ಎಜುಕೇಟರ್ ಆಗಲೋ?

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಕನ್ನಡ ಮತ್ತು ಸಮಾಜ ವಿಜ್ಞಾನ ಕಲಿಸುತ್ತಿದ್ದೇನೆ. ಬಿ.ಎ., ಬಿ.ಎಡ್. ಆಗಿದೆ. ವಯಸ್ಸು 35. ನನ್ನ ಎಂಟನೇ ಕ್ಲಾಸಿನಲ್ಲಿ ಒಬ್ಬ ಹುಡುಗನಿಗೆ ಇನ್ನೂ ಒತ್ತಕ್ಷರ ಓದಲು ಬರುವುದಿಲ್ಲ. ಒಬ್ಬಳು ಹುಡುಗಿ ಅಪ್ಪನ ಕುಡಿತದ ಗಲಾಟೆಯಿಂದ ನಿದ್ದೆ ಇಲ್ಲದೆ ಬಂದು ಅಳುತ್ತಾಳೆ. ಪಾಠ ಮಾಡುವುದಕ್ಕಿಂತ ಇಂಥ ಮಕ್ಕಳ ಪಕ್ಕ ಕೂರುವುದೇ ನನಗೆ ಇಷ್ಟ. ಇದನ್ನೇ ವೃತ್ತಿ ಮಾಡಿಕೊಳ್ಳಬೇಕು ಅಂತಿದ್ದೇನೆ. ದೂರ ಶಿಕ್ಷಣದಲ್ಲಿ ಎಂ.ಎ. ಸೈಕಾಲಜಿ ಮಾಡಲೇ? ಆರು ವಾರದ ಆನ್‌ಲೈನ್ ಕೌನ್ಸೆಲಿಂಗ್ ಸರ್ಟಿಫಿಕೇಟ್ ಸಾಕೇ? ಅಥವಾ ಸ್ಪೆಷಲ್ ಎಜುಕೇಟರ್ ಆಗಲೇ? ಕೆಲಸ ಸಿಗುತ್ತದೆಯೇ? ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ.

ಉತ್ತರ: ನೀವು ಇಬ್ಬರು ಮಕ್ಕಳನ್ನು ಒಟ್ಟಿಗೇ ಹೇಳಿದ್ದೀರಿ. ಇಬ್ಬರ ಪಕ್ಕವೂ ಕೂರುತ್ತಿರುವವರು ನೀವೇ ಆದ್ದರಿಂದ ಹಾಗೆ ಅನಿಸುವುದು ಸಹಜ. ಆದರೆ ಆ ಹುಡುಗನಿಗೆ ಬೇಕಾದ ನೆರವು ಬೇರೆ, ಆ ಹುಡುಗಿಗೆ ಬೇಕಾದ ನೆರವು ಬೇರೆ. ಅದಕ್ಕೆ ಓದಬೇಕಾದ್ದೂ ಬೇರೆ, ಕಾನೂನು ಕೇಳುವ ಅರ್ಹತೆಯೂ ಬೇರೆ. ಆದ್ದರಿಂದ ಕೋರ್ಸಿನ ವಿಚಾರ ಆಮೇಲೆ ನೋಡೋಣ. ಮೊದಲು ಒಂದನ್ನು ನಿಮ್ಮಷ್ಟಕ್ಕೆ ನೀವೇ ಕೇಳಿಕೊಳ್ಳಿ. ಈ ಇಬ್ಬರಲ್ಲಿ ಯಾರ ಜತೆ ವರ್ಷವಿಡೀ ಕೂತರೂ ನಿಮಗೆ ಬೇಸರ ಬರುವುದಿಲ್ಲ? ಆ ಹುಡುಗನಾದರೆ ವಿಶೇಷ ಶಿಕ್ಷಣ. ಆ ಹುಡುಗಿಯಾದರೆ ಕೌನ್ಸೆಲಿಂಗ್. ಇದನ್ನು ತೀರ್ಮಾನಿಸದೆ ಫೀಸು ಕಟ್ಟಿದವರು ಎರಡು ವರ್ಷ ಕಳೆದ ಮೇಲೆ ಒದ್ದಾಡುವುದನ್ನು ಬಹಳ ನೋಡಿದ್ದೇನೆ.

ಮೊದಲು ಹುಡುಗನ ವಿಷಯ. ಎಂಟನೇ ಕ್ಲಾಸಿಗೆ ಬಂದರೂ ಒತ್ತಕ್ಷರ ಬರುವುದಿಲ್ಲ ಅಂದರೆ ಕಾರಣ ಏನು ಬೇಕಾದರೂ ಇರಬಹುದು. ಕಣ್ಣಿನದೋ ಕಿವಿಯದೋ ತೊಂದರೆ ಇರಬಹುದು. ಒಂದನೇ, ಎರಡನೇ ಕ್ಲಾಸಿನಲ್ಲಿ ಅಪ್ಪ ಅಮ್ಮನ ಜತೆ ಊರೂರು ಅಲೆದು ಶಾಲೆ ತಪ್ಪಿರಬಹುದು. ಮನೆಮಾತು ಬೇರೆ ಇರಬಹುದು. ಅಥವಾ ನಿಜವಾಗಿಯೂ ಕಲಿಕಾ ನ್ಯೂನತೆ, ಅಂದರೆ ಡಿಸ್ಲೆಕ್ಸಿಯಾ, ಇರಬಹುದು. ಇವನ್ನೆಲ್ಲ ಒಂದೊಂದಾಗಿ ಬಿಡಿಸಿ ನೋಡುವುದೇ ಸ್ಪೆಷಲ್ ಎಜುಕೇಟರ್ ಕೆಲಸದ ಅರ್ಧ ಭಾಗ. ಉಳಿದರ್ಧ, ಆ ಮಗುವಿಗೆಂದೇ ಕಲಿಕೆಯ ಯೋಜನೆ ಬರೆದು, ಅದರಂತೆ ಕಲಿಸಿ, ಆಗಾಗ ಅಳೆದು ನೋಡುವುದು. ಐಇಪಿ ಅನ್ನುವುದು ಇದಕ್ಕೇ. ಒಳ್ಳೆಯ ಐಇಪಿಯಲ್ಲಿ 'ಓದು ಸುಧಾರಿಸಬೇಕು' ಅಂತ ಬರೆದಿರುವುದಿಲ್ಲ. 'ದಸರಾ ರಜೆಯೊಳಗೆ ಸಜಾತಿ ಒತ್ತಕ್ಷರದ ಹತ್ತು ಪದಗಳನ್ನು ತಡವರಿಸದೆ ಓದಬೇಕು' ಅಂತ ಇರುತ್ತದೆ. ಅಷ್ಟು ನಿಖರವಾಗಿದ್ದರೆ ಮಾತ್ರ ಮಗು ಮುಂದೆ ಹೋಯಿತೋ ಇಲ್ಲವೋ ಗೊತ್ತಾಗುತ್ತದೆ.

ಇಲ್ಲಿ ಕನ್ನಡ ಮೇಷ್ಟ್ರುಗಳಿಗೆ ಒಂದು ದೊಡ್ಡ ಅನುಕೂಲವಿದೆ. ಓದಿನ ತೊಂದರೆಯ ಬಗ್ಗೆ ಸಿಗುವ ಸಾಮಗ್ರಿ ಜಾಸ್ತಿ ಇಂಗ್ಲಿಷಿನದ್ದು. ಕನ್ನಡದ ಓದು ಹಾಗಲ್ಲ. ಇಪ್ಪತ್ತಾರು ಅಕ್ಷರ ಕಲಿತು ಮುಗಿಸುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮೂಲಾಕ್ಷರ, ಕಾಗುಣಿತ, ಒತ್ತಕ್ಷರ ಸೇರಿದರೆ ಮಗು ಗುರುತು ಹಿಡಿಯಬೇಕಾದ ರೂಪಗಳು ನೂರಾರು. ಬೆಂಗಳೂರಿನಲ್ಲಿ ಕನ್ನಡ ಮಕ್ಕಳ ಓದಿನ ಬಗ್ಗೆ ಸಂಶೋಧನೆ ಮಾಡಿದ ಸೋನಾಲಿ ನಾಗ್ ಅವರು ಇದನ್ನು ಚೆನ್ನಾಗಿ ತೋರಿಸಿದ್ದಾರೆ. ಅಕ್ಷರ ಕಲಿಕೆ ಇಲ್ಲಿ ಒಂದನೇ ಕ್ಲಾಸಿಗೆ ಮುಗಿಯುವುದಿಲ್ಲ, ಮೂರು ನಾಲ್ಕನೇ ಕ್ಲಾಸಿನವರೆಗೂ ಸಾಗುತ್ತದೆ. ಹಾಗಾಗಿ ಎರಡನೇ ಕ್ಲಾಸಿನ ಮಗು ಒತ್ತಕ್ಷರದಲ್ಲಿ ಎಡವಿದ ಕೂಡಲೇ ಡಿಸ್ಲೆಕ್ಸಿಯಾ ಅಂತ ಹಣೆಪಟ್ಟಿ ಹಚ್ಚುವುದು ತಪ್ಪು. ಎಂಟನೇ ಕ್ಲಾಸಿನವನು ಎಡವಿದರೆ ಸುಮ್ನೆ ಸೋಮಾರಿ ಅನ್ನುವುದು ಇನ್ನೂ ದೊಡ್ಡ ತಪ್ಪು. ಈ ವ್ಯತ್ಯಾಸ ನಿಮ್ಮಂಥ ಕನ್ನಡ ಶಿಕ್ಷಕಿಗೆ ಬೇಗ ಗೊತ್ತಾಗುತ್ತದೆ.

ಆದರೆ ಗೊತ್ತಾದರೆ ಸಾಲದು, ನೋಂದಣಿ ಬೇಕು. ವಿಶೇಷ ಶಿಕ್ಷಕರ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. ಭಾರತೀಯ ಪುನರ್ವಸತಿ ಪರಿಷತ್ತು, ಎಲ್ಲರೂ ಆರ್‌ಸಿಐ ಅನ್ನುವ ಸಂಸ್ಥೆ, 1992ರ ಕಾಯ್ದೆಯಿಂದ ಬಂದದ್ದು. ಅದು ಮಾನ್ಯ ಮಾಡಿದ ಕೋರ್ಸ್ ಮುಗಿಸಿ ಕೇಂದ್ರ ಪುನರ್ವಸತಿ ರಿಜಿಸ್ಟರಿನಲ್ಲಿ ಹೆಸರು ದಾಖಲಾದರೆ ಮಾತ್ರ ನೀವು ಸ್ಪೆಷಲ್ ಎಜುಕೇಟರ್. ಈ ಸಂಖ್ಯೆಯನ್ನೇ ಸಿಆರ್‌ಆರ್ ನಂಬರ್ ಅನ್ನುತ್ತಾರೆ. ನೋಂದಣಿ ಇಲ್ಲದೆ ವೃತ್ತಿ ಮಾಡಿದರೆ ಶಿಕ್ಷೆಗೂ ಅದೇ ಕಾಯ್ದೆಯಲ್ಲಿ ಅವಕಾಶವಿದೆ. ನೋಂದಣಿಯನ್ನು ಕಾಲಕಾಲಕ್ಕೆ ನವೀಕರಿಸಬೇಕು. ಅದಕ್ಕೆ ಕಾರ್ಯಾಗಾರ, ತರಬೇತಿಗಳಲ್ಲಿ ಅಂಕ ಗಳಿಸಿರಬೇಕು.

ನಿಮ್ಮ ಸಾಮಾನ್ಯ ಬಿ.ಎಡ್. ಇದಕ್ಕೆ ಸಾಲುವುದಿಲ್ಲ. ಎರಡು ವರ್ಷದ ವಿಶೇಷ ಶಿಕ್ಷಣದ ಬಿ.ಎಡ್. ಅಥವಾ ವಿಶೇಷ ಶಿಕ್ಷಣದ ಡಿಪ್ಲೊಮಾ ಮಾಡಬೇಕಾಗುತ್ತದೆ. ಸೇರುವಾಗ ಒಂದು ವಿಭಾಗ ಆರಿಸಿಕೊಳ್ಳಬೇಕು. ಶ್ರವಣ ದೋಷ, ದೃಷ್ಟಿ ದೋಷ, ಬೌದ್ಧಿಕ ಅಂಗವೈಕಲ್ಯ, ಕಲಿಕಾ ನ್ಯೂನತೆ, ಆಟಿಸಂ, ಹೀಗೆ. ಮೈಸೂರಿನ ಆಯಿಷ್, ಅಂದರೆ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣ ದೋಷದ ಬಿ.ಎಡ್. ಇದೆ. ಹಾಸನದಿಂದ ಮೈಸೂರು ದೂರವೇನಲ್ಲ. ಬೇರೆ ಯಾವ ಕಾಲೇಜಾದರೂ ಅವರ ಬ್ರೋಷರ್ ನಂಬಿ ಕೂರಬೇಡಿ. ಆರ್‌ಸಿಐ ಜಾಲತಾಣದಲ್ಲಿ ಆ ಕಾಲೇಜು, ಆ ಕೋರ್ಸು, ನೀವು ಸೇರುವ ಆ ವರ್ಷ, ಮೂರೂ ಮಾನ್ಯತೆ ಪಟ್ಟಿಯಲ್ಲಿ ಇವೆಯೇ ಅಂತ ನೋಡಿ. ಹೋದ ವರ್ಷ ಇದ್ದ ಮಾನ್ಯತೆ ಈ ವರ್ಷ ಇಲ್ಲದೆ ಇರಬಹುದು.

ಈಗ ಆ ಹುಡುಗಿಯ ವಿಷಯ. ಕೌನ್ಸೆಲಿಂಗ್ ಕ್ಷೇತ್ರದ ಅರ್ಹತೆ ಇಷ್ಟು ನೇರವಾಗಿಲ್ಲ. ಶಾಲಾ ಕೌನ್ಸೆಲರ್‌ಗೆ ಇಷ್ಟು ವರ್ಷ ಇಡೀ ದೇಶಕ್ಕೆ ಒಂದೇ ನೋಂದಣಿ ಇರಲಿಲ್ಲ. ಇದರಿಂದಲೇ ಆರು ವಾರದ ಸರ್ಟಿಫಿಕೇಟುಗಳ ವ್ಯಾಪಾರ ಬೆಳೆಯಿತು. ಕೆಲವನ್ನು ಅರಿವಿಗಾಗಿ ಮಾಡಬಹುದು, ತಪ್ಪಿಲ್ಲ. ಆದರೆ ಅದನ್ನು ಗೋಡೆಗೆ ತೂಗುಹಾಕಿ ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿಕೊಳ್ಳಲು ಹೊರಟರೆ ಮಗುವಿಗೆ ಅಪಾಯ. ಕೈ ಕೊಯ್ದುಕೊಂಡು ಬಂದ ಹತ್ತನೇ ಕ್ಲಾಸಿನ ಮಗುವಿಗೆ ಮೊದಲ ಮಾತು ಏನು ಹೇಳಬೇಕು, ಏನು ಕೇಳಬಾರದು ಅನ್ನುವುದು ವಿಡಿಯೊ ನೋಡಿ ಬರುವುದಿಲ್ಲ. ಅನುಭವಿಗಳ ಮುಂದೆ ಕೂತು, ನಿಮ್ಮ ಕೇಸುಗಳನ್ನು ಅವರಿಗೆ ಹೇಳಿ, ತಿದ್ದಿಸಿಕೊಂಡು ಕಲಿಯಬೇಕು. ಸೂಪರ್‌ವಿಷನ್ ಇಲ್ಲದ ಯಾವ ಕೌನ್ಸೆಲಿಂಗ್ ಕೋರ್ಸನ್ನೂ ನಾನು ಯಾರಿಗೂ ಹೇಳುವುದಿಲ್ಲ.

ದೂರ ಶಿಕ್ಷಣದ ಎಂ.ಎ. ಬಗ್ಗೆ ಕೇಳಿದ್ದೀರಿ. ಆ ಬಾಗಿಲು ಮುಚ್ಚಿದೆ. 2025ರ ಜುಲೈ–ಆಗಸ್ಟ್ ಪ್ರವೇಶದಿಂದ ಸೈಕಾಲಜಿಯನ್ನು ದೂರ ಶಿಕ್ಷಣ ಮತ್ತು ಆನ್‌ಲೈನ್ ವಿಧಾನದಲ್ಲಿ ಕೊಡಬಾರದು ಎಂದು ಯುಜಿಸಿ ವಿಶ್ವವಿದ್ಯಾಲಯಗಳಿಗೆ ಹೇಳಿದೆ. ಕಾರಣ, 2021ರಲ್ಲಿ ಬಂದ ಅಲೈಡ್ ಅಂಡ್ ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ. ಸೈಕಾಲಜಿ ಓದಿದವರ ವೃತ್ತಿಗಳನ್ನೂ ಅದರ ವ್ಯಾಪ್ತಿಗೆ ತಂದಿದ್ದಾರೆ. ಈಗಲೂ ಯಾರಾದರೂ ಫೋನ್ ಮಾಡಿ 'ಮೇಡಂ, ಸೀಟು ಮಾಡಿಸಿಕೊಡುತ್ತೇನೆ' ಅಂದರೆ ದುಡ್ಡು ಕೊಡಬೇಡಿ. ನನಗೆ ಈ ನಿರ್ಧಾರದ ಬಗ್ಗೆ ಎರಡು ಮನಸ್ಸಿದೆ. ತರಬೇತಿಯ ಗುಣಮಟ್ಟಕ್ಕೆ ಇದು ಬೇಕಿತ್ತು, ನಿಜ. ಆದರೆ ಮನೆ, ಮಕ್ಕಳು, ಕೆಲಸ ಬಿಟ್ಟು ಎರಡು ವರ್ಷ ಬೇರೆ ಊರಿಗೆ ಹೋಗಲಾಗದ ಎಷ್ಟೋ ಶಿಕ್ಷಕಿಯರಿಗೆ ಇದ್ದ ಒಂದೇ ದಾರಿ ಅದಾಗಿತ್ತು.

ನಿಮ್ಮ ಪರಿಸ್ಥಿತಿಗೆ ಹೊಂದುವುದು ಇನ್ನೊಂದಿದೆ. ಎನ್‌ಸಿಇಆರ್‌ಟಿ ನಡೆಸುವ ಮಾರ್ಗದರ್ಶನ ಮತ್ತು ಸಮಾಲೋಚನೆಯ ಡಿಪ್ಲೊಮಾ. ಒಂದು ವರ್ಷದ್ದು. ಮೊದಲ ಆರು ತಿಂಗಳು ಮನೆಯಿಂದಲೇ ಓದು, ನಂತರ ಮೂರು ತಿಂಗಳು ಅಧ್ಯಯನ ಕೇಂದ್ರದಲ್ಲಿದ್ದು ನೇರ ತರಬೇತಿ, ಕೊನೆಯ ಮೂರು ತಿಂಗಳು ನಿಮ್ಮದೇ ಊರಿನಲ್ಲಿ ಇಂಟರ್ನ್‌ಶಿಪ್. ನಮಗೆ ಹತ್ತಿರದ ಕೇಂದ್ರ ಮೈಸೂರಿನ ಮಾನಸಗಂಗೋತ್ರಿ ಪಕ್ಕದ ಪ್ರಾದೇಶಿಕ ಶಿಕ್ಷಣ ಸಂಸ್ಥೆ, ಎಲ್ಲರೂ ಆರ್‌ಐಇ ಅನ್ನುವುದು. ಪದವಿ ಮತ್ತು ಬಿ.ಎಡ್. ಇರುವ, ಕೆಲಸದಲ್ಲಿರುವ ಶಿಕ್ಷಕರನ್ನೇ ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ ಕೋರ್ಸ್ ಇದು. ಆ ಮೂರು ತಿಂಗಳ ರಜೆಗೆ ಆಡಳಿತ ಮಂಡಳಿಯ ಜತೆ ಈಗಲೇ ಮಾತಾಡಿಡಿ. ಬಹಳ ಜನ ತಪ್ಪಿಸಿಕೊಳ್ಳುವುದು ಈ ಒಂದು ಹಂತದಲ್ಲೇ.

ಈ ಡಿಪ್ಲೊಮಾಕ್ಕೆ ಬೆಲೆ ಇದೆಯೇ? ಇದೆ. ಸಿಬಿಎಸ್‌ಇ ತನ್ನ 2018ರ ಸಂಯೋಜನಾ ನಿಯಮಾವಳಿಯಲ್ಲಿ ಪ್ರೌಢ ಮತ್ತು ಹಿರಿಯ ಪ್ರೌಢ ಶಾಲೆಗಳಲ್ಲಿ ಕೌನ್ಸೆಲರ್ ಇರಬೇಕೆಂದು ಹೇಳಿತು. ಒಂಬತ್ತರಿಂದ ಹನ್ನೆರಡನೇ ತರಗತಿಯಲ್ಲಿ 300ಕ್ಕಿಂತ ಕಡಿಮೆ ಮಕ್ಕಳಿದ್ದರೆ ಮಾತ್ರ ಅರೆಕಾಲಿಕ ಸಾಕು ಎಂದು ಆಗ ಇತ್ತು. ಅರ್ಹತೆಗಳಲ್ಲಿ ಸೈಕಾಲಜಿ ಪದವಿಯ ಜತೆಗೆ, ಯಾವುದೇ ಪದವಿ ಮೇಲೆ ಮಾರ್ಗದರ್ಶನ–ಸಮಾಲೋಚನೆಯ ಡಿಪ್ಲೊಮಾ ಇದ್ದವರಿಗೂ ಜಾಗ ಕೊಟ್ಟಿತು. ಇಂಥ ನಿಯಮಗಳು ಆಗಾಗ ತಿದ್ದುಪಡಿ ಆಗುತ್ತವೆ, ಅರ್ಜಿ ಹಾಕುವ ಮೊದಲು ಹೊಸ ಪ್ರತಿ ನೋಡಿ. ಇನ್ನೂ ಮುಖ್ಯವಾದ ಸುದ್ದಿ, 2025ರ ಜುಲೈನಲ್ಲಿ ವಿಶಾಖಪಟ್ಟಣದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಮಾರ್ಗಸೂಚಿ. ಶಾಲೆ, ಕಾಲೇಜು, ಕೋಚಿಂಗ್ ಸೆಂಟರ್ ಯಾವುದೇ ಇರಲಿ, 100 ಅಥವಾ ಹೆಚ್ಚು ವಿದ್ಯಾರ್ಥಿಗಳಿದ್ದರೆ ಒಬ್ಬರಾದರೂ ಅರ್ಹ ಕೌನ್ಸೆಲರ್, ಸೈಕಾಲಜಿಸ್ಟ್ ಅಥವಾ ಸೋಷಿಯಲ್ ವರ್ಕರ್ ಇರಲೇಬೇಕು, ಮಕ್ಕಳ ಮಾನಸಿಕ ಆರೋಗ್ಯದಲ್ಲಿ ಅವರಿಗೆ ತರಬೇತಿ ಆಗಿರಬೇಕು ಎಂದು ಕೋರ್ಟ್ ಹೇಳಿದೆ. ಜಾರಿಗೆ ಬರಲು ಸಮಯ ಹಿಡಿಯುತ್ತದೆ. ಆದರೆ ಇಂಥ ಒತ್ತಡ ಮೊದಲು ಇರಲಿಲ್ಲ.

ವಿಶೇಷ ಶಿಕ್ಷಕರ ಬೇಡಿಕೆಯೂ ಹೀಗೇ ಕೋರ್ಟಿನಿಂದ ಬಲ ಪಡೆಯಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿತು. ಕಲಿಕಾ ನ್ಯೂನತೆ, ಆಟಿಸಂ ಎರಡೂ ಅದರಲ್ಲಿವೆ. 2021ರಲ್ಲಿ ಸುಪ್ರೀಂ ಕೋರ್ಟ್ ಸಾಮಾನ್ಯ ಶಾಲೆಗಳಲ್ಲೂ ವಿಶೇಷ ಶಿಕ್ಷಕರು ಬೇಕೆಂದಿತು. ಅದರ ನಂತರ ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯವುಳ್ಳ 10 ಮಕ್ಕಳಿಗೆ ಒಬ್ಬರು, ಅದರ ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬರು ಎಂಬ ಪ್ರಮಾಣ ಬಂತು. ಹುದ್ದೆಗಳನ್ನು ಮಂಜೂರು ಮಾಡಿ ಅಧಿಸೂಚನೆ ಹೊರಡಿಸಿ ಎಂದು 2025ರ ಮಾರ್ಚ್‌ನಲ್ಲಿ ಕೋರ್ಟ್ ಮತ್ತೆ ಎಲ್ಲ ರಾಜ್ಯಗಳಿಗೂ ಹೇಳಬೇಕಾಯಿತು. ಕಾಗದದ ಮೇಲಿನ ಪ್ರಮಾಣಕ್ಕೂ ನಮ್ಮ ಶಾಲೆಗಳಿಗೂ ಇರುವ ಅಂತರ ನೋಡಿದರೆ ನೋವಾಗುತ್ತದೆ. ಹಾಗಂತ ಕಾಯುತ್ತಾ ಕೂರಬೇಕಿಲ್ಲ. ನಮ್ಮಲ್ಲಿ ಸಮಗ್ರ ಶಿಕ್ಷಣ ಯೋಜನೆಯ ಅಡಿಯಲ್ಲಿ ಬಿಆರ್‌ಸಿಗಳಲ್ಲಿ, ಅಂದರೆ ತಾಲ್ಲೂಕು ಮಟ್ಟದ ಸಂಪನ್ಮೂಲ ಕೇಂದ್ರಗಳಲ್ಲಿ, ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿಯೇ ಇರುವ ಸಂಪನ್ಮೂಲ ಶಿಕ್ಷಕರಾದ ಬಿಐಇಆರ್‌ಟಿಗಳು ಕೆಲಸ ಮಾಡುತ್ತಾರೆ. ಮಕ್ಕಳನ್ನು ಗುರುತಿಸುವುದು, ವೈದ್ಯಕೀಯ ತಪಾಸಣಾ ಶಿಬಿರಕ್ಕೆ ಕರೆತರುವುದು, ಶಾಲೆಗೆ ಬರಲಾಗದ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣ ಕೊಡಿಸುವುದು ಇವರ ಹೊಣೆ. ಒಂದು ತಾಲ್ಲೂಕಿನ ಹೊರೆ ಕೆಲವೇ ಜನರ ಮೇಲೆ. ಆದರೂ ಹಳ್ಳಿಯ ಮನೆ ಬಾಗಿಲಿಗೆ ಹೋಗುವವರು ಇವರೊಬ್ಬರೇ.

ಕೌನ್ಸೆಲರ್‌ಗೆ ಕನ್ನಡ ನಾಡಿನಲ್ಲಿ ಕೆಲಸ ಎಲ್ಲಿ? ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳು ಮೊದಲ ಜಾಗ. ಕೇಂದ್ರೀಯ ವಿದ್ಯಾಲಯಗಳು ಕೌನ್ಸೆಲರ್ ಮತ್ತು ಸ್ಪೆಷಲ್ ಎಜುಕೇಟರ್‌ಗಳನ್ನು ಗುತ್ತಿಗೆ ಮೇಲೆ ನೇರ ಸಂದರ್ಶನದಲ್ಲಿ ತೆಗೆದುಕೊಳ್ಳುತ್ತವೆ. ರಾಜ್ಯದ ಸರ್ಕಾರಿ ಹೈಸ್ಕೂಲುಗಳಲ್ಲಿ ವಿಷಯ ಶಿಕ್ಷಕರಿಗೆ ಇರುವಂಥ ಕಾಯಂ ಕೌನ್ಸೆಲರ್ ಹುದ್ದೆ ಕಾಣಸಿಗುವುದಿಲ್ಲ. ಶಾಲೆಯ ಹೊರಗೆ ಇದೇ ಮಕ್ಕಳಿಗಾಗಿ ಕೆಲಸ ಮಾಡುವ ಜಾಗಗಳಿವೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೌನ್ಸೆಲರ್ ಇರುತ್ತಾರೆ. ಆರೋಗ್ಯ ಇಲಾಖೆಯ ಸ್ನೇಹ ಕ್ಲಿನಿಕ್‌ಗಳಲ್ಲಿ ಹದಿಹರೆಯದವರಿಗೆ ಆಪ್ತ ಸಮಾಲೋಚನೆ ನಡೆಯುತ್ತದೆ. ಹೆಚ್ಚಿನವು ಗುತ್ತಿಗೆ ಕೆಲಸಗಳೇ. ಸಂಬಳದ ವಿಷಯದಲ್ಲಿ ಬೆಂಗಳೂರಿನ ದೊಡ್ಡ ಶಾಲೆಗೂ ತಾಲ್ಲೂಕಿನ ಶಾಲೆಗೂ ಅಜಗಜಾಂತರ. ಈಗ ಬರುತ್ತಿರುವ ಸಂಬಳವನ್ನು ಬಿಟ್ಟು ಧುಮುಕಬೇಡಿ, ಕೆಲಸದಲ್ಲಿದ್ದುಕೊಂಡೇ ಓದಿ.

ಬೆಂಗಳೂರಿನಲ್ಲಿ ಈಗ ಶ್ಯಾಡೋ ಟೀಚರ್ ಕೆಲಸವೂ ಬಹಳ ಸಿಗುತ್ತದೆ. ಒಂದೇ ಮಗುವಿನ ಜತೆ ಕ್ಲಾಸಿನಲ್ಲಿ ಕೂರುವುದು, ಸಂಬಳ ಕೊಡುವವರು ಹೆಚ್ಚಾಗಿ ಪೋಷಕರು. ಅನುಭವಕ್ಕೆ ಸರಿ, ಆದರೆ ಅದನ್ನೇ ವೃತ್ತಿ ಅಂತ ನಂಬಬೇಡಿ. ಮಾತಿನ ತೊಂದರೆ ನೋಡುವ ಸ್ಪೀಚ್ ಥೆರಪಿಸ್ಟ್, ಕೈಕಾಲು ಮತ್ತು ಇಂದ್ರಿಯಗಳ ತೊಂದರೆ ನೋಡುವ ಆಕ್ಯುಪೇಷನಲ್ ಥೆರಪಿಸ್ಟ್ ಇವರೆಲ್ಲ ಪಿಯುಸಿ ವಿಜ್ಞಾನದ ನಂತರ ಬೇರೆಯದೇ ಪದವಿ ಮಾಡಿದವರು. ನಿಮ್ಮ ದಾರಿ ಅದಲ್ಲ. ಎಂ.ಎಸ್.ಡಬ್ಲ್ಯೂ., ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಮಾತ್ರ ಯೋಚಿಸುವಂಥದ್ದು. ನೀವು ಹೇಳಿದ ಹುಡುಗಿಯ ಸಮಸ್ಯೆ ಅವಳ ಮನಸ್ಸಿನಲ್ಲಿ ಹುಟ್ಟಿದ್ದಲ್ಲ, ಮನೆಯಲ್ಲಿ ಹುಟ್ಟಿದ್ದು. ಆ ಮನೆಗೆ ಹೋಗಿ, ಅಪ್ಪನನ್ನು ಕುಡಿತ ಬಿಡಿಸುವ ಚಿಕಿತ್ಸೆಗೆ ಒಪ್ಪಿಸುವುದು, ಅಮ್ಮನಿಗೆ ಯಾವ ನೆರವು ಸಿಗುತ್ತದೆ ನೋಡುವುದು ಸೋಷಿಯಲ್ ವರ್ಕರ್ ಕೆಲಸ. ಮಂಗಳೂರಿನ ರೋಶನಿ ನಿಲಯ ಈ ಓದಿಗೆ ಹೆಸರಾದದ್ದು. ನಿಮಗೆ ಕೋಣೆಯೊಳಗಿನ ಮಾತಿಗಿಂತ ಮನೆ ಮನೆ ಓಡಾಟವೇ ಹಿಡಿಸುವುದಾದರೆ ಅದನ್ನೇ ಆರಿಸಿಕೊಳ್ಳಿ.

ಒಂದು ಗೆರೆಯನ್ನು ಮಾತ್ರ ದಾಟಬೇಡಿ. ಕೌನ್ಸೆಲರ್ ಆಗಲಿ, ಸ್ಪೆಷಲ್ ಎಜುಕೇಟರ್ ಆಗಲಿ, ಮಗುವಿಗೆ ಡಿಸ್ಲೆಕ್ಸಿಯಾ ಇದೆ, ಬುದ್ಧಿಮಟ್ಟ ಇಷ್ಟಿದೆ ಅಂತ ಸರ್ಟಿಫಿಕೇಟ್ ಬರೆದುಕೊಡುವಂತಿಲ್ಲ. ಅದು ಕ್ಲಿನಿಕಲ್ ಸೈಕಾಲಜಿಸ್ಟ್ ಮತ್ತು ವೈದ್ಯರ ಕೆಲಸ. 1930ರ ದಶಕದಲ್ಲಿ ವಿ.ವಿ. ಕಾಮತ್ ಅವರು ಧಾರವಾಡ ಭಾಗದ ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದ ಬಿನೆ–ಕಾಮತ್ ಬುದ್ಧಿಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಕಲಿಕಾ ನ್ಯೂನತೆಗೆ ನಿಮ್ಹಾನ್ಸ್ ರೂಪಿಸಿದ ಪರೀಕ್ಷೆಗಳಿವೆ. ಅವನ್ನು ತರಬೇತಾದವರೇ ಮಾಡಬೇಕು. ಶಾಲೆಯವರು ಮಾಡಬಹುದಾದದ್ದು ಮೊದಲ ಹಂತದ ಗುರುತಿಸುವಿಕೆ. ಅದಕ್ಕೆ ಎನ್‌ಸಿಇಆರ್‌ಟಿಯ ಪ್ರಶಸ್ತ್ ಆ್ಯಪ್ ಇದೆ, ಈ ವಾರವೇ ನೋಡಿ. ನಿಮ್ಮ ಹುಡುಗನ ವಿಷಯದಲ್ಲಿ ತಡ ಮಾಡಬೇಡಿ. ಈಗ ಎಂಟನೇ ಕ್ಲಾಸು. ಪ್ರಮಾಣಪತ್ರ ಇದ್ದರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು ಮುಂತಾದ ರಿಯಾಯಿತಿ ಸಿಗುತ್ತದೆ. ಹತ್ತನೇ ಕ್ಲಾಸಿನ ಜನವರಿಯಲ್ಲಿ ಓಡಾಡಿದರೆ ಆಗುವ ಕೆಲಸವಲ್ಲ ಇದು.

ಇನ್ನು ನೀವು ಕೇಳದೆ ಇದ್ದರೂ ಹೇಳಲೇಬೇಕಾದ ಮಾತು. ಪಾಠ ಮಾಡುವ ಶಾಲೆಯಲ್ಲೇ ಕೌನ್ಸೆಲರ್ ಆಗುವುದು ಕಷ್ಟ. ಬೆಳಿಗ್ಗೆ ಹೋಂವರ್ಕ್ ಮಾಡಿಲ್ಲ ಅಂತ ಗದರಿದ ಮೇಡಂ ಹತ್ತಿರ ಮಧ್ಯಾಹ್ನ ಮನೆಯ ಗುಟ್ಟು ಹೇಳುವುದಾದರೂ ಹೇಗೆ? ನಿಮಗೆ ಹೇಳಿದ್ದು ಸ್ಟಾಫ್ ರೂಮಿನಲ್ಲಿ ಚಹಾ ಜತೆ ಹಂಚಿಹೋದರೆ ಆ ಮಗು ಇನ್ನು ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ. ಹಾಗಂತ ಎಲ್ಲವನ್ನೂ ಗುಟ್ಟಾಗಿಡುತ್ತೇನೆ ಅಂತಲೂ ಮಾತು ಕೊಡಬೇಡಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಅಂತ ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಶಿಕ್ಷೆ ಇದೆ, ಶಾಲೆಯ ಹೆಸರು ಕೆಡುತ್ತದೆ ಅನ್ನುವ ಕಾರಣ ಅಲ್ಲಿ ನಡೆಯುವುದಿಲ್ಲ. ಮಗು ಜೀವ ತೆಗೆದುಕೊಳ್ಳುವ ಮಾತಾಡಿದರೂ ಮನೆಯವರಿಗೆ ಹೇಳಬೇಕಾಗುತ್ತದೆ. ಇದನ್ನು ಮೊದಲ ದಿನವೇ ಮಗುವಿಗೆ ತಿಳಿಯುವ ಮಾತಿನಲ್ಲಿ ಹೇಳಿಬಿಡಿ. ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಎರಡೂ ನಿಮ್ಮ ಫೋನಿನಲ್ಲಿರಲಿ. ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು. ಆ ಹುಡುಗಿಗೂ ಈ ನಂಬರ್ ಕೊಡಿ.

ಇಂಗ್ಲಿಷ್ ಬಗ್ಗೆ ಅಳುಕಬೇಡಿ. ಕೋರ್ಸಿನ ಓದು ಇಂಗ್ಲಿಷಿನಲ್ಲಿರುತ್ತದೆ, ಓದಿ ಅರ್ಥ ಮಾಡಿಕೊಳ್ಳುವಷ್ಟು ಬೇಕು. ಸ್ವಲ್ಪ ತಿಣುಕಾಡುತ್ತೀರಿ, ದಾಟುತ್ತೀರಿ. ಆದರೆ ಈ ಕ್ಷೇತ್ರದಲ್ಲಿ ತರಬೇತಿ ಪಡೆದವರು ಜಾಸ್ತಿ ಬೆಂಗಳೂರಿನಲ್ಲೇ ಉಳಿಯುತ್ತಾರೆ, ಇಂಗ್ಲಿಷಿನಲ್ಲೇ ಕೆಲಸ ಮಾಡುತ್ತಾರೆ. 'ಹೊಟ್ಟೆ ತೊಳಸ್ತದೆ ಮಿಸ್, ಶಾಲೆಗೆ ಬರೋಕ್ಕಾಗಲ್ಲ' ಅನ್ನುವ ಮಗುವಿನ ಮಾತಿನ ಹಿಂದಿರುವ ಭಯ ಹಿಡಿಯಲು ಆ ಊರಿನ ಮಾತು ಗೊತ್ತಿರಬೇಕು. ಅರಸೀಕೆರೆ, ಸಕಲೇಶಪುರದ ಮಕ್ಕಳಿಗೆ ಬೇಕಾಗಿರುವವರು ನಿಮ್ಮಂಥವರೇ.

ನನ್ನ ಸಲಹೆ ಇಷ್ಟು. ನಿಮ್ಮ ಬಿಆರ್‌ಸಿಗೆ ಹೋಗಿ ಬಿಐಇಆರ್‌ಟಿಯನ್ನು ಭೇಟಿ ಮಾಡಿ. ಅವರು ಒಪ್ಪಿದರೆ ಒಂದು ದಿನ ಗೃಹಾಧಾರಿತ ಶಿಕ್ಷಣದ ಭೇಟಿಗೆ ಜತೆಗೆ ಹೋಗಿ. ಇನ್ನೊಂದು ದಿನ ಕೌನ್ಸೆಲರ್ ಇರುವ ಶಾಲೆಯೊಂದಕ್ಕೆ ಹೋಗಿ ಅವರ ಜತೆ ಮಾತಾಡಿ. ಆಮೇಲೂ ಕೌನ್ಸೆಲಿಂಗ್ ಕಡೆಗೇ ಮನಸ್ಸು ಎಳೆದರೆ ಆರ್‌ಐಇ ಡಿಪ್ಲೊಮಾದ ಪ್ರಕಟಣೆಗೆ ಕಾದು ಅರ್ಜಿ ಹಾಕಿ. ಮುಂದೆ ಅನುಕೂಲವಾದಾಗ ರೆಗ್ಯುಲರ್ ಎಂ.ಎ. ಅಥವಾ ಎಂ.ಎಸ್ಸಿ. ಸೈಕಾಲಜಿ ಸೇರಿಸಿಕೊಳ್ಳಬಹುದು. ಓದು ಬಾರದ ಮಕ್ಕಳ ಕಡೆಗೆ ಮನಸ್ಸು ಎಳೆದರೆ ಆರ್‌ಸಿಐ ಮಾನ್ಯ ಕೋರ್ಸಿಗೆ ಸೇರಿ. ನಿಮ್ಮ ಪತ್ರದಲ್ಲಿ ಒತ್ತಕ್ಷರದ ಹುಡುಗನೇ ಮೊದಲು ಬಂದಿದ್ದಾನೆ. ಕನ್ನಡ ಕಲಿಸುವ ನಿಮ್ಮ ಅನುಭವವನ್ನೂ ಸೇರಿಸಿ ನೋಡಿದರೆ ನನ್ನ ಒಲವು ವಿಶೇಷ ಶಿಕ್ಷಣದ ಕಡೆಗೇ ಇದೆ.

ಕೊನೆಗೆ ಕೆಲಸದ ಸಂದರ್ಶನಕ್ಕೆ ಹೋದಾಗ ಸಂಬಳ ಎಷ್ಟು ಅಂತ ಮಾತ್ರ ಕೇಳಿ ಬರಬೇಡಿ. ಬಾಗಿಲಿರುವ ಪ್ರತ್ಯೇಕ ಕೋಣೆ ಕೊಡುತ್ತೀರಾ ಕೇಳಿ. ಬೇಸಿಗೆ ರಜೆಗೂ ಸಂಬಳ ಇದೆಯೇ ಕೇಳಿ. ರಜೆ ಹಾಕಿದ ಶಿಕ್ಷಕರ ಕ್ಲಾಸಿಗೆಲ್ಲ ನಿಮ್ಮನ್ನೇ ಕಳಿಸುತ್ತಾರಾ, ಶಿಸ್ತು ಸಮಿತಿಯಲ್ಲಿ ಹಾಕುತ್ತಾರಾ, ಮಕ್ಕಳ ದಾಖಲೆಯ ಬೀರುವಿನ ಕೀ ಯಾರ ಹತ್ತಿರ ಇರುತ್ತದೆ, ಇವನ್ನೂ ಕೇಳಿ. ಉತ್ತರ ಬಾಯಿ ಮಾತಿನಲ್ಲಿ ಬೇಡ, ನೇಮಕಾತಿ ಪತ್ರದಲ್ಲಿ ಬರಲಿ.